ಸಾಂಕ್ರಾಮಿಕದ ದಿನಗಳಲ್ಲಿ ಅಪಾರ್ಟ್‌ಮೆಂಟಿನ ಬಾಡಿಗೆದಾರರು ಏನು ಮಾಡಬೇಕು?

ಪ್ರಶ್ನೆ: ಹನ್ನೆರಡು ಮಹಡಿಯ ಕಟ್ಟಡವೊಂದರ ಆರನೇ ಮಹಡಿಯಲ್ಲಿ ನಾವು ಬಾಡಿಗೆಗಿದ್ದೇವೆ. ಎರಡು ಕೋಣೆ, ಒಂದೇ ಬಚ್ಚಲುಮನೆ. ಮನೆಯಲ್ಲಿ ನಾನು, ನನ್ನ ಪತಿ, ಶಾಲೆಗೆ ಹೋಗುವ ಮಗಳು ಮತ್ತು ಎಪ್ಪತ್ತನಾಲ್ಕು ವರ್ಷದ ಅತ್ತೆ ಇದ್ದೇವೆ. ಉಸಿರಾಟದ ಸೋಂಕು ಊರೆಲ್ಲ ಹರಡಿದೆ, ನಮ್ಮ ಕೆಳಗಿನ ಮನೆಯಲ್ಲೇ ಇಬ್ಬರು ಹಾಸಿಗೆ ಹಿಡಿದಿದ್ದಾರೆ. ಪತಿಯ ಸಂಬಳ ಅರ್ಧಕ್ಕೆ ಇಳಿದಿದೆ. ಮನೆಯ ಮಾಲೀಕರು ಫೋನು ಮಾಡಿ, ನಮ್ಮಲ್ಲಿ ಯಾರಿಗಾದರೂ ಸೋಂಕು ತಗುಲಿದರೆ ಅಂದೇ ಮನೆ ಖಾಲಿ ಮಾಡಬೇಕು ಎಂದಿದ್ದಾರೆ. ಸ್ವಂತದ್ದಲ್ಲದ ಮನೆಯಲ್ಲಿ ನಾವು ಏನು ಮಾಡಬಹುದು? ಎಲ್ಲಿಂದ ಶುರು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯಗಳಿವೆ. ಒಂದು ರೋಗದ್ದು, ಇನ್ನೊಂದು ಮನೆ ಕೈತಪ್ಪುವುದರದ್ದು. ಇವೆರಡನ್ನೂ ಬೇರೆ ಬೇರೆಯಾಗಿ ನೋಡುವುದು ನಮ್ಮ ರೂಢಿ. ಆದರೆ ಸೋಂಕು ಹರಡಿರುವ ಕಾಲದಲ್ಲಿ ವೈದ್ಯರು ಮೊದಲು ಹೇಳುವ ಮಾತೇ ಮನೆಯಲ್ಲಿರಿ ಎಂಬುದು, ಮತ್ತು ಆ ಮಾತನ್ನು ಪಾಲಿಸಬೇಕಾದರೆ ಮನೆ ಇರಬೇಕು. ವಿಶ್ವಸಂಸ್ಥೆಯ ವಸತಿ ಹಕ್ಕಿನ ವಿಶೇಷ ವರದಿಗಾರರಾಗಿದ್ದ ಲೈಲಾನಿ ಫರ್ಹಾ ಅವರು 2020ರ ಮಾರ್ಚ್‌ನಲ್ಲಿ, ಕೊರೊನಾ ವೈರಸ್ಸಿನ ವಿರುದ್ಧ ಮೊದಲ ರಕ್ಷಣೆ ಮನೆಯೇ ಎಂಬರ್ಥದ ಹೇಳಿಕೆ ನೀಡಿ, ಬಾಡಿಗೆದಾರರನ್ನು ಒಕ್ಕಲೆಬ್ಬಿಸುವುದನ್ನು ನಿಲ್ಲಿಸುವಂತೆ ಸರ್ಕಾರಗಳನ್ನು ಕೇಳಿಕೊಂಡಿದ್ದರು. ಆದ್ದರಿಂದ ನಿಮ್ಮ ಬಚ್ಚಲುಮನೆಯ ಕೊಳವೆಯ ವಿಷಯವನ್ನೂ ಮಾಲೀಕರಿಗೆ ಬರೆಯಬೇಕಾದ ಪತ್ರದ ವಿಷಯವನ್ನೂ ಇಲ್ಲಿ ಒಟ್ಟಿಗೇ ಹೇಳುತ್ತೇನೆ.

ಮೊದಲಿಗೆ ಬಚ್ಚಲುಮನೆ. ಅಪಾರ್ಟ್‌ಮೆಂಟಿನ ಮನೆಗಳನ್ನು ಗೋಡೆಗಳು ಬೇರ್ಪಡಿಸಿದಂತೆ ಕಂಡರೂ ಕೊಳವೆಗಳು ಅವುಗಳನ್ನು ಮೇಲಿಂದ ಕೆಳಗಿನವರೆಗೆ ಒಂದೇ ದಾರದಲ್ಲಿ ಪೋಣಿಸಿರುತ್ತವೆ. 2003ರ ಮಾರ್ಚ್‌ನಲ್ಲಿ ಹಾಂಗ್‌ಕಾಂಗ್‌ನ ಅಮೊಯ್ ಗಾರ್ಡನ್ಸ್ ಎಂಬ ವಸತಿ ಸಮುಚ್ಚಯದಲ್ಲಿ ಸಾರ್ಸ್ ಎಂಬ ತೀವ್ರ ಉಸಿರಾಟದ ಸೋಂಕು ಹಬ್ಬಿದಾಗ ಇದು ಜಗತ್ತಿಗೆಲ್ಲ ತಿಳಿಯಿತು. ಭೇದಿಯಿಂದ ಬಳಲುತ್ತಿದ್ದ ಸೋಂಕಿತರೊಬ್ಬರು ಅಲ್ಲಿನ ಒಂದು ಮನೆಗೆ ಬಂದು ಶೌಚಾಲಯ ಬಳಸಿದ್ದರು. ಏಪ್ರಿಲ್ ಮಧ್ಯದ ಹೊತ್ತಿಗೆ ಸಮುಚ್ಚಯದ 321 ನಿವಾಸಿಗಳಿಗೆ ರೋಗ ತಗುಲಿತ್ತು. ತನಿಖೆ ಮಾಡಿದವರು ಬೊಟ್ಟು ಮಾಡಿದ್ದು ಬಚ್ಚಲುಮನೆಯ ನೆಲದ ಜಾಲರಿಯ ಕೆಳಗಿರುವ ಬಾಗಿದ ಕೊಳವೆಯತ್ತ. ಆ ಬಾಗಿನಲ್ಲಿ ಸದಾ ನಿಂತಿರುವ ನೀರು ಚರಂಡಿಯ ಗಾಳಿ ಮೇಲೇರದಂತೆ ತಡೆಯುತ್ತದೆ. ಅಲ್ಲಿನ ಹಲವು ಮನೆಗಳಲ್ಲಿ ಜನ ನೆಲವನ್ನು ಒರೆಸುತ್ತಿದ್ದರೇ ಹೊರತು ನೀರು ಸುರಿದು ತೊಳೆಯುತ್ತಿರಲಿಲ್ಲವಾದ್ದರಿಂದ ಆ ನೀರು ಆರಿಹೋಗಿತ್ತು. ಬಾಗಿಲು ಮುಚ್ಚಿ ಎಕ್ಸಾಸ್ಟ್ ಫ್ಯಾನ್ ಹಾಕಿದಾಗ ಅದು ಹೊರಗೆ ತಳ್ಳಿದಷ್ಟೇ ಗಾಳಿಯನ್ನು ಎಲ್ಲಿಂದಲಾದರೂ ಎಳೆದುಕೊಳ್ಳಬೇಕಲ್ಲ, ಅದು ಆರಿದ ಕೊಳವೆಯಿಂದಲೇ ಎಳೆದುಕೊಂಡಿತು. ಚರಂಡಿಯ ಸೂಕ್ಷ್ಮ ಹನಿಗಳು ಹೀಗೆ ಒಂದು ಮನೆಯಿಂದ ಇನ್ನೊಂದಕ್ಕೆ ದಾಟಿದವು.

ಕೆಲವು ವರ್ಷಗಳ ಹಿಂದೆ ನಾನು ಪರಿಶೀಲಿಸಲು ಹೋಗಿದ್ದ ಮನೆಯೊಂದರಲ್ಲಿ, ಬಟ್ಟೆ ಒಗೆಯುವ ಯಂತ್ರದ ಹಿಂದಿದ್ದ ಜಾಲರಿಯನ್ನು ಎತ್ತಿ ಟಾರ್ಚ್ ಹಾಕಿದೆ. ನೀರಿನ ಹೊಳಪು ಕಾಣಬೇಕಾದಲ್ಲಿ ಒಣಗಿದ ಸೋಪಿನ ಪೊರೆಯೂ ಕೂದಲಿನ ಉಂಡೆಯೂ ಇದ್ದವು. ಒಂದು ತೆಳು ಟಿಶ್ಯೂ ಕಾಗದದ ಚೂರನ್ನು ಅದರ ಮೇಲೆ ಹಿಡಿದು ಎಕ್ಸಾಸ್ಟ್ ಫ್ಯಾನ್ ಹಾಕಿದಾಗ ಕಾಗದ ನಡುಗಿ ಮೇಲಕ್ಕೆ ಬಾಗಿತು. ಮನೆಯವರು ದಿನಕ್ಕೆ ಎರಡು ಸಲ ಬಾಗಿಲ ಹಿಡಿಕೆಗಳನ್ನೆಲ್ಲ ಔಷಧಿ ಹಾಕಿ ಒರೆಸುತ್ತಿದ್ದರು, ಈ ಜಾಲರಿ ಮಾತ್ರ ಅವರ ಗಮನಕ್ಕೆ ಬಂದಿರಲಿಲ್ಲ. ಅಲ್ಲಿ ಬೇಕಾಗಿದ್ದದ್ದು ಒಂದು ಚೊಂಬು ನೀರು. ನೀವು ಇಂದೇ ನಿಮ್ಮ ಮನೆಯ ಪ್ರತಿ ಜಾಲರಿಗೂ, ಬಾಲ್ಕನಿಯದ್ದನ್ನೂ ಸೇರಿಸಿ, ಒಂದೆರಡು ಲೀಟರ್ ನೀರು ಸುರಿಯಿರಿ ಮತ್ತು ವಾರಕ್ಕೊಮ್ಮೆಯಾದರೂ ಅದನ್ನು ಮುಂದುವರಿಸಿ. ಬಳಕೆಯೇ ಇಲ್ಲದ ಜಾಲರಿಯಾದರೆ ನೀರಿನ ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಟ್ಟರೆ ನೀರು ಬೇಗ ಆರುವುದಿಲ್ಲ. ಎಕ್ಸಾಸ್ಟ್ ಫ್ಯಾನ್ ಹಾಕುವಾಗ ಬಚ್ಚಲಿನ ಬಾಗಿಲಿನ ಕೆಳಗೆ ಗಾಳಿಗೆ ದಾರಿ ಇರಲಿ. ನೀರು ಸುರಿದ ಮೇಲೂ ಚರಂಡಿಯ ವಾಸನೆ ಬರುತ್ತಿದ್ದರೆ ಕೊಳವೆ ಬಿರುಕು ಬಿಟ್ಟಿರಬಹುದು ಅಥವಾ ಮನೆ ಕಟ್ಟುವಾಗಲೇ ಬಾಗು ಕೂರಿಸದೆ ಬಿಟ್ಟಿರಬಹುದು. ಆ ದುರಸ್ತಿ ಸಾಮಾನ್ಯವಾಗಿ ಮಾಲೀಕರ ಹೊಣೆ, ಮತ್ತು ಈಗ ಅದು ತುರ್ತಿನ ದುರಸ್ತಿ.

ಇನ್ನು ಗಾಳಿ. ಉಸಿರಾಟದ ಸೋಂಕುಗಳಲ್ಲಿ ಹೆಚ್ಚಿನವು ಮುಟ್ಟಿದ ವಸ್ತುವಿಗಿಂತ ಉಸಿರಾಡಿದ ಗಾಳಿಯಿಂದಲೇ ಹರಡುತ್ತವೆ. ದಡಾರದ ವೈರಸ್ಸು ರೋಗಿ ಎದ್ದುಹೋದ ಮೇಲೂ ಕೋಣೆಯ ಗಾಳಿಯಲ್ಲಿ ಎರಡು ಗಂಟೆಯವರೆಗೆ ಉಳಿಯಬಲ್ಲದು. ನಿಮ್ಮ ಮನೆಯ ಗಾಳಿ ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆ ಎಂಬುದನ್ನು ನೀವೇ ಪತ್ತೆ ಮಾಡಬಹುದು. ಅದೇ ಟಿಶ್ಯೂ ಚೂರನ್ನು ಮುಂಬಾಗಿಲಿನ ಕೆಳಗಿನ ಸಂದಿನ ಬಳಿ ಹಿಡಿಯಿರಿ. ಅದು ಒಳಗೆ ಬಾಗಿದರೆ ಕಾರಿಡಾರಿನ ಗಾಳಿ ನಿಮ್ಮ ಮನೆಗೆ ಬರುತ್ತಿದೆ ಎಂದರ್ಥ. ಪಕ್ಕದ ಮನೆಯವರು ಸೇದಿದ ಸಿಗರೇಟಿನ ವಾಸನೆ ನಿಮ್ಮ ನಡುಮನೆಯಲ್ಲಿ ಬರುತ್ತಿದೆಯೆಂದರೂ ಅದೇ ಅರ್ಥ. ಬಾಗಿಲಿನ ಸಂದಿಗೆ ರಬ್ಬರ್ ಪಟ್ಟಿ ಅಂಟಿಸಿ, ಹೊರಗಿನ ಬಯಲಿಗೆ ತೆರೆಯುವ ಕಿಟಕಿಗಳನ್ನು ತೆರೆದಿಡಿ. ಗೋಡೆಗೆ ಮೊಳೆ ಹೊಡೆಯದೆ, ಮಾಲೀಕರ ಅನುಮತಿಗೆ ಕಾಯದೆ ಮಾಡಬಹುದಾದ ಕೆಲಸಗಳಿವು. ಕೋಣೆಯಲ್ಲಿ ಗೋಡೆಗೆ ಕೂರಿಸಿದ ಸಾಮಾನ್ಯ ಏಸಿ ಇದ್ದರೆ, ಅದು ಇದ್ದ ಗಾಳಿಯನ್ನೇ ತಂಪು ಮಾಡಿ ತಿರುಗಿಸುತ್ತದೆ, ಹೊಸ ಗಾಳಿಯನ್ನು ಒಳಗೆ ತರುವುದಿಲ್ಲ ಎಂಬುದು ನೆನಪಿರಲಿ. ಕಿಟಕಿ ತೆರೆಯಲಾಗದ ಮನೆಗಳಲ್ಲಿ ಹೆಪಾ ಫಿಲ್ಟರ್ ಇರುವ ಗಾಳಿ ಶುದ್ಧಿ ಯಂತ್ರ ಉಪಯುಕ್ತ. ಹಾದುಹೋಗುವ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಕನಿಷ್ಠ 99.97 ಶೇಕಡಾ ಕಣಗಳನ್ನು ಹಿಡಿಯುವ ಫಿಲ್ಟರಿಗೆ ಆ ಹೆಸರು ಸಲ್ಲುತ್ತದೆ. ಕೊಳ್ಳುವಾಗ ಯಂತ್ರವು ನಿಮ್ಮ ಕೋಣೆಯ ಅಳತೆಗೆ ಸಾಕೇ ಎಂದು ನೋಡಿಕೊಳ್ಳಿ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಹಿಡಿಕೆ ಮುಟ್ಟುವುದನ್ನು ತಪ್ಪಿಸಲು ಮೆಟ್ಟಿಲುದಾರಿಯ ತಾನಾಗಿ ಮುಚ್ಚಿಕೊಳ್ಳುವ ಬಾಗಿಲುಗಳಿಗೆ ಕಲ್ಲು ಕೊಟ್ಟು ತೆರೆದಿಡುವ ಅಭ್ಯಾಸ ಸಾಂಕ್ರಾಮಿಕದ ಕಾಲದಲ್ಲಿ ಹುಟ್ಟಿಕೊಳ್ಳುತ್ತದೆ. ಅವು ಬೆಂಕಿ ಬಿದ್ದಾಗ ಹೊಗೆ ತಡೆಯುವ ಬಾಗಿಲುಗಳು. ಅವುಗಳನ್ನು ತೆರೆದಿಟ್ಟ ಕಟ್ಟಡದಲ್ಲಿ ಬೆಂಕಿ ಬಿದ್ದರೆ ಇಳಿದು ಪಾರಾಗುವ ಮೆಟ್ಟಿಲೇ ಹೊಗೆಗೂಡಾಗುತ್ತದೆ. ಕೈಯನ್ನು ಆಮೇಲೆ ಸೋಪಿನಿಂದ ತೊಳೆದುಕೊಳ್ಳಬಹುದು, ಬಾಗಿಲು ಮುಚ್ಚಿಯೇ ಇರಲಿ.

ಮನೆಯಲ್ಲೇ ಒಬ್ಬರಿಗೆ ಸೋಂಕು ತಗುಲಿದರೆ ಏನು ಮಾಡುವುದೆಂದು ಯಾರಿಗೂ ಜ್ವರ ಬರುವ ಮುನ್ನವೇ ನಿರ್ಧರಿಸಿಕೊಳ್ಳಿ. ಎರಡು ಕೋಣೆಗಳಲ್ಲಿ ಬಯಲಿಗೆ ತೆರೆಯುವ ಕಿಟಕಿ ಇರುವ ಕೋಣೆ ರೋಗಿಗೆ ಸಲ್ಲಬೇಕು. ಆ ಕಿಟಕಿಯಲ್ಲಿ ಹೊರಮುಖವಾಗಿ ಒಂದು ಫ್ಯಾನ್ ಇಟ್ಟು, ಕೋಣೆಯ ಬಾಗಿಲು ಮುಚ್ಚಿಟ್ಟರೆ ಮನೆಯ ಗಾಳಿ ರೋಗಿಯ ಕೋಣೆಯತ್ತ ಹರಿದು ಹೊರಗೆ ಹೋಗುತ್ತದೆ. ಫ್ಯಾನನ್ನು ಒಳಮುಖವಾಗಿ ಇಟ್ಟರೆ ಇದೆಲ್ಲ ತಲೆಕೆಳಗಾಗಿ ರೋಗಿಯ ಕೋಣೆಯ ಗಾಳಿ ಮನೆಯೆಲ್ಲ ತುಂಬುತ್ತದೆ. ಆದ್ದರಿಂದ ಟಿಶ್ಯೂ ಹಿಡಿದು ಇನ್ನೊಮ್ಮೆ ಪರೀಕ್ಷಿಸಿ. ಬಾಗಿಲಿನ ಬಳಿ ಹಿಡಿದ ಕಾಗದ ರೋಗಿಯ ಕೋಣೆಯ ಕಡೆಗೇ ವಾಲಬೇಕು. ಒಂದೇ ಬಚ್ಚಲುಮನೆ ಇರುವುದರಿಂದ ಬೆಳಿಗ್ಗೆ ನಿಮ್ಮ ಅತ್ತೆಯವರು ಎಲ್ಲರಿಗಿಂತ ಮೊದಲು ಅದನ್ನು ಬಳಸಲಿ, ರೋಗಿ ಕೊನೆಯಲ್ಲಿ ಬಳಸಲಿ. ಆಮೇಲೆ ಫ್ಯಾನನ್ನು ಚಾಲೂ ಇಟ್ಟು, ಕಿಟಕಿ ತೆರೆದು, ಸಾಧ್ಯವಾದಷ್ಟು ಹೊತ್ತು ಬಿಟ್ಟು ಬೇರೆಯವರು ಹೋಗಲಿ. ಆರೈಕೆಯನ್ನು ಒಬ್ಬರೇ ವಹಿಸಿಕೊಳ್ಳುವುದು ಮೇಲು. ಅವರು ಕೋಣೆಗೆ ಹೋಗುವಾಗ ಎನ್95 ದರ್ಜೆಯ ಮಾಸ್ಕನ್ನು ಮೂಗಿನ ಬದಿಯಲ್ಲಿ ಸಂದು ಉಳಿಯದಂತೆ ಒತ್ತಿ ಧರಿಸಬೇಕು. ಸಡಿಲವಾಗಿ ತೂಗಾಡುವ ಒಳ್ಳೆಯ ಮಾಸ್ಕಿಗಿಂತ ಬಿಗಿಯಾಗಿ ಕೂತ ಸಾಧಾರಣ ಮಾಸ್ಕೇ ವಾಸಿ ಎನ್ನುವಷ್ಟು ಮಟ್ಟಿಗೆ ಈ ಬಿಗಿತ ಮುಖ್ಯ.

ಸ್ವಚ್ಛತೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸಾಮಾನ್ಯ ದಿನಗಳಲ್ಲಿ ಸೋಪು ನೀರು ಸಾಕು. ರೋಗಿ ಬಳಸಿದ ಜಾಗಕ್ಕೆ 0.1 ಶೇಕಡಾ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ಬೇಕು, ಅಂದರೆ ಶೇಕಡಾ 5ರ ಬ್ಲೀಚ್ ಒಂದು ಪಾಲಿಗೆ ನೀರು 49 ಪಾಲು. ಒರೆಸಿದ ಜಾಗ ಕನಿಷ್ಠ ಒಂದು ನಿಮಿಷ ಹಸಿಯಾಗಿಯೇ ಇರಬೇಕು. ಬ್ಲೀಚನ್ನು ಶೌಚಾಲಯ ತೊಳೆಯುವ ಆಮ್ಲದ ಜೊತೆ ಎಂದೂ ಬೆರೆಸಬೇಡಿ. ಅದರಿಂದ ಹೊರಡುವ ಕ್ಲೋರಿನ್ ಅನಿಲ ಇಕ್ಕಟ್ಟಾದ ಬಚ್ಚಲುಮನೆಯಲ್ಲಿ ಶ್ವಾಸಕೋಶವನ್ನೇ ಸುಟ್ಟೀತು. ಕಟ್ಟಡದ ಗೇಟಿನಲ್ಲಿ ಬರುವವರ ಮೈಮೇಲೆ ಔಷಧಿ ಸಿಂಪಡಿಸುವ ವ್ಯವಸ್ಥೆ ಮಾಡಲು ಯಾರಾದರೂ ಹೊರಟರೆ ವಿರೋಧಿಸಿ. ಯಾವ ಸಂದರ್ಭದಲ್ಲೂ ಜನರ ಮೇಲೆ ಹಾಗೆ ಸಿಂಪಡಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮೇ ತಿಂಗಳಲ್ಲೇ ಹೇಳಿದೆ.

ನೀವು ಕೇಳಿರುವುದು ಉಸಿರಾಟದ ಸೋಂಕಿನ ಬಗ್ಗೆ. ಆದರೆ ಎಲ್ಲ ಸಾಂಕ್ರಾಮಿಕಗಳೂ ಗಾಳಿಯ ದಾರಿ ಹಿಡಿಯುವುದಿಲ್ಲ. ಕಾಲರಾ ಬಂದರೆ ನೋಡಬೇಕಾದದ್ದು ಕಟ್ಟಡದ ನೀರಿನ ತೊಟ್ಟಿಯನ್ನು, ಡೆಂಗಿ ಬಂದರೆ ತಾರಸಿಯಲ್ಲೂ ಲಿಫ್ಟಿನ ಗುಂಡಿಯಲ್ಲೂ ನಿಂತ ನೀರನ್ನು. ಬಾಡಿಗೆದಾರರ ಬಳಿ ಈ ಜಾಗಗಳ ಬೀಗದ ಕೈ ಇರುವುದಿಲ್ಲ. ತೊಟ್ಟಿಯನ್ನು ಕೊನೆಯ ಬಾರಿ ತೊಳೆಸಿದ ದಿನಾಂಕ ಯಾವುದು ಎಂದು ಲಿಖಿತವಾಗಿ ಕೇಳುವುದು ಮಾತ್ರ ನಿಮ್ಮ ಕೈಯಲ್ಲಿದೆ, ಮತ್ತು ಹಾಗೆ ಕೇಳಿದ ಮೇಲೆಯೇ ತೊಟ್ಟಿ ತೊಳೆಸಿದ ಕಟ್ಟಡಗಳನ್ನು ನಾನು ಕಂಡಿದ್ದೇನೆ.

ದುರಸ್ತಿಗೆ ಬರುವವರ ವಿಷಯದಲ್ಲಿ ಬಹಳ ಮನೆಗಳಲ್ಲಿ ಗೊಂದಲವಾಗುತ್ತದೆ. ಅನಿಲ ಸೋರಿಕೆ, ನೀರಿನ ಸೋರಿಕೆ, ವಿದ್ಯುತ್ತಿನ ದೋಷ, ಕಟ್ಟಿಕೊಂಡ ಕೊಳವೆ, ಮುರಿದ ಬೀಗ, ಇವು ಕಾಯುವ ಕೆಲಸಗಳಲ್ಲ. ಬಣ್ಣ ಬಳಿಯುವುದು, ಕಪಾಟು ಸರಿಪಡಿಸುವುದು, ಮುಂದಿನ ಬಾಡಿಗೆದಾರರಿಗೆ ಮನೆ ತೋರಿಸುವುದು ಕಾಯಬಹುದು. ಮನೆ ತೋರಿಸಲು ಮಾಲೀಕರು ಒತ್ತಾಯಿಸಿದರೆ ವಿಡಿಯೊ ಮಾಡಿಕೊಡುತ್ತೇವೆ ಎಂದು ಹೇಳಿ, ಹೆಚ್ಚಿನವರು ಒಪ್ಪುತ್ತಾರೆ. ತುರ್ತಿನ ಕೆಲಸಕ್ಕೆ ಯಾರಾದರೂ ಬರುವುದಿದ್ದರೆ ಅರ್ಧ ಗಂಟೆ ಮೊದಲೇ ಕಿಟಕಿಗಳನ್ನು ತೆರೆದು, ರೋಗಿಯನ್ನು ಕೋಣೆಯೊಳಗಿರಿಸಿ, ಎಲ್ಲರೂ ಮಾಸ್ಕ್ ಧರಿಸಿರಿ. ಮನೆಯಲ್ಲಿ ಸೋಂಕಿತರಿದ್ದರೆ ಬರುವವರಿಗೆ ಫೋನಿನಲ್ಲೇ ತಿಳಿಸಬೇಕು. ದಿನಕ್ಕೆ ಹತ್ತಾರು ಮನೆಗಳ ಬಾಗಿಲು ಬಡಿಯುವ ಆ ಕೆಲಸಗಾರನಿಗೂ ಮನೆ ಮಕ್ಕಳಿರುತ್ತಾರೆ, ಅವನಿಂದ ಈ ವಿಷಯ ಮುಚ್ಚಿಡುವುದು ಅನ್ಯಾಯ.

ಇದರಿಂದಲೇ ಹುಟ್ಟುವ ಪ್ರಶ್ನೆ, ಸೋಂಕಿನ ವಿಷಯವನ್ನು ಯಾರಿಗೆ ಹೇಳಬೇಕು ಎಂಬುದು. ಆರೋಗ್ಯ ಇಲಾಖೆಗೆ ತಿಳಿಸಬೇಕೆಂದು ಕಾನೂನಿದ್ದರೆ ಅವರಿಗೆ ತಿಳಿಸಲೇಬೇಕು. ಉಳಿದವರ ವಿಷಯದಲ್ಲಿ ನಾನು ಅನುಸರಿಸುವ ಅಳತೆ ಸರಳವಾದದ್ದು. ಆ ಮಾಹಿತಿಯಿಂದ ಯಾರು ಏನಾದರೂ ಮಾಡಬೇಕಾಗಿದೆಯೋ ಅವರಿಗೆ, ಆ ಕೆಲಸಕ್ಕೆ ಬೇಕಾದಷ್ಟನ್ನು ಹೇಳಬೇಕು. ಕಸ ಒಯ್ಯುವವರು ಚೀಲವನ್ನು ಬೇರೆಯಾಗಿ ಎತ್ತಿಕೊಳ್ಳಬೇಕು, ಅವರಿಗೆ ಗೊತ್ತಿರಲಿ. ಕಟ್ಟಡದ ನಿರ್ವಾಹಕರು ಲಿಫ್ಟಿನಲ್ಲಿ ಒಂದು ಸಲಕ್ಕೆ ಒಂದೇ ಮನೆಯವರು ಎಂಬ ನಿಯಮ ತರಬೇಕಾದರೆ, ಯಾವುದೋ ಮಹಡಿಯಲ್ಲಿ ಸೋಂಕಿದೆ ಎಂಬುದಷ್ಟೇ ಅವರಿಗೆ ಸಾಕು. ಸೋಂಕಿತರ ಹೆಸರನ್ನೂ ಮನೆಯ ಸಂಖ್ಯೆಯನ್ನೂ ಸೂಚನಾ ಫಲಕದಲ್ಲಿ ಅಂಟಿಸುವುದರಿಂದ ಯಾರಿಗೂ ರಕ್ಷಣೆ ಸಿಗುವುದಿಲ್ಲ. ಅದರಿಂದ ಮುಂದಿನ ರೋಗಿ ಹೆದರಿ ಪರೀಕ್ಷೆಗೇ ಹೋಗದಂತಾಗುತ್ತದೆ. ನಿಮ್ಮ ಕೆಳಗಿನ ಮನೆಯವರ ವಿಷಯದಲ್ಲೂ ಈ ಮರ್ಯಾದೆಯನ್ನು ನೀವು ಉಳಿಸಿ. ಬೇಕಾದ ಸಾಮಾನು ತಂದು ಬಾಗಿಲಲ್ಲಿ ಇಟ್ಟು ಹೋಗಲೇ ಎಂದು ಅವರಿಗೊಂದು ಫೋನು ಮಾಡಿ.

ಈಗ ಮಾಲೀಕರ ಮಾತಿಗೆ ಬರೋಣ. ಸೋಂಕು ಬಂದರೆ ಅಂದೇ ಖಾಲಿ ಮಾಡಬೇಕು ಎಂದು ಫೋನಿನಲ್ಲಿ ಹೇಳಿದ ಮಾತ್ರಕ್ಕೆ ನೀವು ಮನೆ ಬಿಡಬೇಕಾಗಿಲ್ಲ. ಬಾಡಿಗೆದಾರರನ್ನು ಎಬ್ಬಿಸಲು ಲಿಖಿತ ನೋಟಿಸು, ನಿಗದಿತ ಕಾಲಾವಕಾಶ, ಬಾಡಿಗೆದಾರರು ಒಪ್ಪದಿದ್ದರೆ ನ್ಯಾಯಾಲಯದ ಆದೇಶ, ಈ ಕ್ರಮವನ್ನು ಬಹುತೇಕ ದೇಶಗಳ ಕಾನೂನು ಯಾವುದೋ ಒಂದು ರೂಪದಲ್ಲಿ ಬೇಡುತ್ತದೆ. ಬೀಗ ಬದಲಾಯಿಸುವುದು, ನೀರು ನಿಲ್ಲಿಸುವುದು, ವಿದ್ಯುತ್ ಕಡಿಯುವುದು, ಸಾಮಾನು ಹೊರಗಿಡುವುದು, ಇವು ಸಾಮಾನ್ಯವಾಗಿ ಕಾನೂನುಬಾಹಿರ. ಅಂಥದ್ದು ನಡೆದರೆ ಫೋಟೊ ತೆಗೆದು, ಹೊತ್ತು ಗಂಟೆ ಬರೆದಿಟ್ಟು, ಪೊಲೀಸರಿಗೂ ಆರೋಗ್ಯ ಅಧಿಕಾರಿಗಳಿಗೂ ದೂರು ಕೊಡಿ. ಸೋಂಕಿತ ಕುಟುಂಬವೊಂದನ್ನು ಬೀದಿಗೆ ಹಾಕುವುದೆಂದರೆ ಸೋಂಕನ್ನೇ ಬೀದಿಗೆ ಹಾಕಿದಂತೆ ಎಂಬುದು ಆರೋಗ್ಯ ಅಧಿಕಾರಿಗಳಿಗೆ ಬೇಗ ಅರ್ಥವಾಗುತ್ತದೆ. ಹೆದರಿಕೆಯಲ್ಲಿ ಯಾವ ಕಾಗದಕ್ಕೂ ಸಹಿ ಹಾಕಬೇಡಿ, ಅದರಲ್ಲೂ ಸ್ವಇಚ್ಛೆಯಿಂದ ಖಾಲಿ ಮಾಡುತ್ತಿದ್ದೇವೆ ಎಂಬ ಸಾಲು ಇರುವುದಕ್ಕೆ. ಹಾಗೆಂದು ಮಾಲೀಕರನ್ನು ಶತ್ರುವಾಗಿ ಕಾಣಬೇಕಿಲ್ಲ. ಅನೇಕ ಮಾಲೀಕರಿಗೆ ಆ ಬಾಡಿಗೆಯೇ ಸಾಲದ ಕಂತು, ಅವರ ಮಾತಿನ ಹಿಂದೆಯೂ ಭಯವೇ ಇರುತ್ತದೆ. ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ನೀವು ಏನೇನು ಕ್ರಮ ಕೈಗೊಳ್ಳುವಿರಿ ಎಂದು ಮೊದಲೇ ತಿಳಿಸಿದರೆ ಎಷ್ಟೋ ಸಲ ಆ ಭಯ ಇಳಿಯುತ್ತದೆ.

ಬಾಡಿಗೆಯ ವಿಷಯದಲ್ಲಿ ಬಹಳ ಜನ ಎಡವುವುದು ಒಂದೇ ಕಡೆ. ಮುಂದೂಡಿಕೆಯನ್ನು ಮನ್ನಾ ಎಂದು ತಿಳಿಯುತ್ತಾರೆ. ಜರ್ಮನಿ 2020ರ ಏಪ್ರಿಲ್‌ನಿಂದ ಜೂನ್‌ವರೆಗಿನ ಬಾಡಿಗೆ ಬಾಕಿಯ ಕಾರಣಕ್ಕೆ ಕರಾರು ರದ್ದು ಮಾಡದಂತೆ ಕಾನೂನು ತಂದಿತು, ಆದರೆ ಆ ಬಾಕಿಯನ್ನು ತೀರಿಸಲು 2022ರ ಜೂನ್ 30ರ ಗಡುವು ಕೊಟ್ಟಿತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2020ರ ಸೆಪ್ಟೆಂಬರ್ 4ರಿಂದ ಜಾರಿಗೆ ತಂದ ತೆರವು ತಡೆಯೂ, ಅಂದರೆ ಬಾಡಿಗೆದಾರರನ್ನು ಮನೆಯಿಂದ ಎಬ್ಬಿಸದಂತೆ ತಡೆಯುವ ಆದೇಶವೂ, ಹಾಗೆಯೇ. ಬಾಡಿಗೆದಾರರು ಘೋಷಣೆಗೆ ಸಹಿ ಮಾಡಿ ಕೊಟ್ಟರೆ ಮಾತ್ರ ರಕ್ಷಣೆ ಸಿಗುತ್ತಿತ್ತು, ಬಾಡಿಗೆ ಸಾಲವಾಗಿ ಬೆಳೆಯುತ್ತಲೇ ಇತ್ತು. 2021ರ ಆಗಸ್ಟ್ 26ರಂದು ಸುಪ್ರೀಂ ಕೋರ್ಟಿನ ಆದೇಶದಿಂದ ಆ ತಡೆ ಕೊನೆಗೊಂಡಾಗ, ಅದನ್ನು ಮನ್ನಾ ಎಂದು ನಂಬಿದ್ದವರಿಗೆ ಬಾಕಿಯೆಲ್ಲ ಒಟ್ಟಿಗೆ ಎದುರಾಯಿತು. ಭಾರತದಲ್ಲಿ ದೆಹಲಿ ಹೈಕೋರ್ಟು 2020ರ ಮೇ ತಿಂಗಳಲ್ಲಿ, ಅಂಗಡಿಯೊಂದರ ಬಾಡಿಗೆಯ ಪ್ರಕರಣದಲ್ಲಿ, ಜಾಗವನ್ನು ತಮ್ಮ ವಶದಲ್ಲೇ ಇಟ್ಟುಕೊಂಡ ಬಾಡಿಗೆದಾರರು ಲಾಕ್‌ಡೌನ್ ಕಾರಣಕ್ಕಷ್ಟೇ ಬಾಡಿಗೆ ಕಟ್ಟದಿರುವ ಹಕ್ಕು ಕೇಳಲಾಗದು ಎಂದಿತು, ಕಟ್ಟಲು ಕೊಂಚ ಕಾಲಾವಕಾಶವನ್ನು ಮಾತ್ರ ಕೊಟ್ಟಿತು. ಕರಾರಿನಲ್ಲಿ ಏನಿದೆ ಎಂಬುದು ಅಂಥ ಪ್ರಕರಣಗಳಲ್ಲಿ ಮೊದಲು ನೋಡುವ ವಿಷಯ. ನೀವೂ ಈಗಲೇ ನಿಮ್ಮ ಕರಾರು ಪತ್ರವನ್ನು ತೆಗೆದು ಅನಿವಾರ್ಯ ಸಂದರ್ಭ, ನೋಟಿಸಿನ ಅವಧಿ, ಮುಂಗಡ ಹಣ, ಈ ಮೂರು ಕಲಮುಗಳನ್ನು ಓದಿ.

ಆಮೇಲೆ, ಬಾಡಿಗೆ ಕಟ್ಟಬೇಕಾದ ದಿನ ಬರುವ ಮುನ್ನವೇ ಮಾಲೀಕರಿಗೆ ಒಂದು ಪತ್ರ ಬರೆಯಿರಿ. ಫೋನಿನಲ್ಲಿ ಮಾತಾಡಿದ್ದರೂ ಬರೆಯಿರಿ. ದೀರ್ಘ ದುಃಖದ ಕಥೆ ಬೇಡ. ದಿನಾಂಕ, ಮನೆಯ ಸಂಖ್ಯೆ, ಸಂಬಳ ಎಷ್ಟು ಇಳಿದಿದೆ ಎಂಬ ಒಂದು ಸಾಲು, ಅದಕ್ಕೆ ಕಂಪನಿ ಕೊಟ್ಟ ಕಾಗದದ ಪ್ರತಿ, ಈ ತಿಂಗಳು ಎಷ್ಟು ಕೊಡಬಲ್ಲಿರಿ, ಉಳಿದದ್ದನ್ನು ಯಾವ ಯಾವ ತಿಂಗಳು ಎಷ್ಟೆಷ್ಟು ಕೊಟ್ಟು ತೀರಿಸುವಿರಿ, ಇಷ್ಟೇ ಸಾಕು. ಕೊನೆಯಲ್ಲಿ, ತಾವು ಒಪ್ಪುವುದಾದರೆ ದಯವಿಟ್ಟು ಇದಕ್ಕೆ ಲಿಖಿತವಾಗಿ ಉತ್ತರಿಸಿ ಎಂದು ಕೇಳಿ. ನಿಮ್ಮಿಂದ ನಿಜವಾಗಿ ಸಾಧ್ಯವಾಗುವ ಮೊತ್ತವನ್ನೇ ಬರೆಯಿರಿ. ಅರ್ಧ ಕೊಡುತ್ತೇನೆಂದು ಬರೆದು ಕಾಲುಭಾಗ ಕೊಟ್ಟರೆ ಮುಂದೆ ನಿಮ್ಮ ಮಾತಿಗೆ ಬೆಲೆ ಇರುವುದಿಲ್ಲ, ಕಾಲುಭಾಗ ಎಂದು ಬರೆದು ಅದನ್ನು ತಪ್ಪದೆ ಕೊಟ್ಟರೆ ಇರುತ್ತದೆ. ಹಣವನ್ನು ಬ್ಯಾಂಕಿನ ಮೂಲಕವೇ ಕಳಿಸಿ, ಯಾವ ತಿಂಗಳ ಬಾಡಿಗೆಯ ಭಾಗ ಎಂದು ಅದರಲ್ಲೇ ನಮೂದಿಸಿ. ಮುಂಗಡದಲ್ಲಿ ಮುರಿದುಕೊಳ್ಳಿ ಎಂದು ಕೇಳುವುದಾದರೆ ಅದನ್ನೂ ಬರಹದಲ್ಲೇ ಒಪ್ಪಿಸಿಕೊಳ್ಳಬೇಕು. ಇಲ್ಲವಾದರೆ ಮನೆ ಬಿಡುವ ದಿನ ಅದೇ ಹಣವನ್ನು ಎರಡನೇ ಬಾರಿ ಕೇಳಿದ ಪ್ರಸಂಗಗಳಿವೆ. ನಿಮ್ಮಲ್ಲಿ ಸರ್ಕಾರ ತೆರವು ತಡೆಯನ್ನೋ ಬಾಡಿಗೆ ನೆರವನ್ನೋ ಘೋಷಿಸಿದ್ದರೆ ಆದೇಶದ ಮೂಲ ಪ್ರತಿಯನ್ನೇ ಓದಿ, ಅರ್ಜಿ ಹಾಕಬೇಕೇ, ಯಾವ ದಿನದೊಳಗೆ ಹಾಕಬೇಕು ಎಂಬುದನ್ನು ಗುರುತು ಹಾಕಿಕೊಳ್ಳಿ. ಸಂಶಯವಿದ್ದರೆ ಉಚಿತ ಕಾನೂನು ನೆರವು ಕೇಂದ್ರಕ್ಕೆ ಆ ಪ್ರತಿಯನ್ನೂ ಕರಾರನ್ನೂ ಒಯ್ಯಿರಿ.

ಇನ್ನೊಂದು ಸಂಗತಿ ನಿಮ್ಮ ಅತ್ತೆಯವರಿಗೆ ಸಂಬಂಧಿಸಿದ್ದು. ಅವರನ್ನು ರಾತ್ರಿ ಹೊತ್ತು ಆಸ್ಪತ್ರೆಗೆ ಕರೆದೊಯ್ಯಬೇಕಾಗಿ ಬಂದರೆ ಆಂಬುಲೆನ್ಸಿನವರು ಆರನೇ ಮಹಡಿಗೆ ಹೇಗೆ ಬರುತ್ತಾರೆ ಎಂಬುದನ್ನು ಈಗಲೇ ನಡೆದು ನೋಡಿ. ಅನೇಕ ಕಟ್ಟಡಗಳ ಲಿಫ್ಟಿನಲ್ಲಿ ಸ್ಟ್ರೆಚರ್ ಹಿಡಿಸುವುದಿಲ್ಲ, ಸಾಮಾನು ಸಾಗಿಸುವ ದೊಡ್ಡ ಲಿಫ್ಟಿಗೆ ರಾತ್ರಿ ಬೀಗ ಬಿದ್ದಿರುತ್ತದೆ, ಹಿಂದಿನ ಗೇಟಿನ ಕೀಲಿ ಯಾರ ಬಳಿ ಇದೆ ಎಂಬುದು ಒಬ್ಬ ಕಾವಲುಗಾರನಿಗೆ ಮಾತ್ರ ಗೊತ್ತಿರುತ್ತದೆ. ಮೆಟ್ಟಿಲಿನಲ್ಲಿ ಇಳಿಸುವುದಾದರೆ ಕುರ್ಚಿಯಲ್ಲಿ ಕೂರಿಸಿ ಇಳಿಸಬೇಕಾದೀತು, ಅದಕ್ಕೆ ಗಟ್ಟಿಮುಟ್ಟಾದ ಇಬ್ಬರು ಬೇಕು. ಕೀಲಿ ಇರುವವರ ಹೆಸರು ಮತ್ತು ಫೋನ್ ಸಂಖ್ಯೆ, ಅತ್ತೆಯವರು ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ, ಯಾವ ಗೇಟಿನಿಂದ ಯಾವ ಲಿಫ್ಟಿಗೆ ಬರಬೇಕು ಎಂಬ ಎರಡು ಸಾಲು, ಇಷ್ಟನ್ನು ದೊಡ್ಡ ಅಕ್ಷರದಲ್ಲಿ ಒಂದು ಹಾಳೆಯಲ್ಲಿ ಬರೆದು ಮುಂಬಾಗಿಲಿನ ಒಳಬದಿಗೆ ಅಂಟಿಸಿ. ಆ ಹೊತ್ತಿನಲ್ಲಿ ಫೋನು ಹಿಡಿದು ದಾರಿ ಹೇಳಬೇಕಾದವಳು ನಿಮ್ಮ ಮಗಳೇ ಆಗಿರಬಹುದು. ಆ ಹಾಳೆಯನ್ನು ಅವಳ ಕೈಯಲ್ಲೇ ಬರೆಸಿ.